ಡಬ್ಬಿಯ ಮೇಲಿನ ಮುಖ



2023ರ ಏಪ್ರಿಲ್‌ನಲ್ಲಿ ಕಾಸರಗೋಡು–ತಿರುವನಂತಪುರ ವಂದೇ ಭಾರತ್ ರೈಲು ಶುರುವಾದ ಮೇಲೆ ನಮ್ಮ ಗಡಿನಾಡಿನವರಿಗೆ ಕೊಚ್ಚಿ ಸ್ವಲ್ಪ ಹತ್ತಿರವಾಗಿದೆ. ಮೊದಲಾದರೆ ಎರ್ನಾಕುಳಂಗೆ ಹೊರಟವರು ಒಂದು ರಾತ್ರಿಯ ನಿದ್ದೆ ಬಿಡಬೇಕಿತ್ತು. ಈಗ ಮಧ್ಯಾಹ್ನದ ಊಟ ಮುಗಿಸಿ ಹತ್ತಿದರೆ ರಾತ್ರಿಯ ಊಟಕ್ಕೆ ಅಕ್ಕನ ಮನೆ. ಟಿಕೆಟು ದುಬಾರಿ, ಆ ಮಾತು ಬೇರೆ. ಆದರೆ ಈ ರೈಲಿಗೆ ಇನ್ನೊಂದು ಆಕರ್ಷಣೆ ಉಂಟು. ಇದರಲ್ಲಿ ಸಿನಿಮಾದವರು ಕಾಣಸಿಗುತ್ತಾರೆ. ಅಥವಾ ಕಾಣಸಿಕ್ಕರು ಅಂತ ನಾವು ನಂಬಿಕೊಳ್ಳುತ್ತೇವೆ.

ಕಳೆದ ಸಲ ಹೋದಾಗ ಕಲ್ಲಿಕೋಟೆಯಲ್ಲಿ ಒಬ್ಬರು ಹತ್ತಿದರು. ಕಪ್ಪು ಕನ್ನಡಕ, ತಲೆಗೆ ಟೊಪ್ಪಿ, ಕೈಯಲ್ಲಿ ಒಂದು ಸಣ್ಣ ಚೀಲ. ಕೂತವರೇ ಕಣ್ಣು ಮುಚ್ಚಿದರು. ಬೋಗಿಯಲ್ಲಿ ಗುಸುಗುಸು ಶುರುವಾಯಿತು. ಹಿಂದಿನ ಸಾಲಿನ ಹುಡುಗ ಮೊಬೈಲಿನಲ್ಲಿ ಹಳೆಯ ಪೋಸ್ಟರೊಂದನ್ನು ತೆಗೆದು ಮೂಗನ್ನು ಹೋಲಿಸಿ ನೋಡಿದ. ನನ್ನ ಪಕ್ಕದ ಮಧ್ಯವಯಸ್ಸಿನ ಹೆಂಗಸಿಗೆ ಮಾತ್ರ ಸಂಶಯವೇ ಇರಲಿಲ್ಲ. 'ಅವರೇ, ಅವರೇ' ಎಂದರು. ಆಮೇಲೆ ದನಿ ತಗ್ಗಿಸಿ, 'ಚರ್ಮ ನೋಡಿ, ಈ ವಯಸ್ಸಿಗೆ! ಆ ಪುಡಿ ಕುಡಿಯುತ್ತಾರಲ್ಲ, ಟಿ.ವಿ.ಯಲ್ಲಿ ಬರುತ್ತದೆ' ಎಂದರು. ಆ ಮನುಷ್ಯ ತ್ರಿಶ್ಶೂರಿನಲ್ಲಿ ಇಳಿದು ಹೋದರು. ಅವರು ನಟರೋ, ಎಲ್ಲೋ ಬ್ಯಾಂಕಿನ ಮ್ಯಾನೇಜರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಆದರೆ ಆ ಪುಡಿ ಮಾತ್ರ ನಮ್ಮ ಬೋಗಿಯಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಪ್ರಚಾರ ಪಡೆದುಕೊಂಡಿತು.

ನಟರನ್ನು ಕಣ್ಣಾರೆ ಕಾಣುವುದರಲ್ಲಿ ಒಂದು ಸುಖವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. 2017ರ ಆಗಸ್ಟ್‌ನಲ್ಲಿ ಕೊಚ್ಚಿಯ ಎಂ.ಜಿ. ರಸ್ತೆಯಲ್ಲಿ ಒಂದು ಅಂಗಡಿ ಉದ್ಘಾಟನೆಗೆ ಸನ್ನಿ ಲಿಯೋನ್ ಬಂದ ದಿನದ ಚಿತ್ರ ನಿಮಗೂ ನೆನಪಿರಬಹುದು. ರಸ್ತೆ ತುಂಬ ತಲೆಗಳು, ಅದರ ನಡುವೆ ನೆರೆಯಲ್ಲಿ ಸಿಕ್ಕ ದೋಣಿಯ ಹಾಗೆ ಒಂದು ಕಾರು. ಅಷ್ಟು ಜನಕ್ಕೆ ಸಿಕ್ಕಿದ್ದಾದರೂ ಏನು? ಹೆಚ್ಚೆಂದರೆ ಕೈಬೀಸಿದ ಒಂದು ಕೈ. ಆದರೂ ಮನೆಗೆ ಹೋಗಿ ಹೇಳಲಿಕ್ಕೆ ಒಂದು ಕತೆಯಾಯಿತು. ನಾವು ಹೇಳುವ ಇಂಥ ಕತೆಗಳ ಧಾಟಿಯೂ ಒಂದೇ: 'ಸಿನಿಮಾದಲ್ಲಿ ಕಂಡಷ್ಟು ಎತ್ತರವಿಲ್ಲ ಮಾರಾಯ', 'ಬಹಳ ಸಿಂಪಲ್', 'ನನ್ನನ್ನು ನೋಡಿ ನಕ್ಕರು'. ಆ ನಗು ನಮಗೇ ಬಂತೆಂದು ನಾವು ಹಿಡಿದುಕೊಳ್ಳುತ್ತೇವೆ. ಅಲ್ಲಿಂದ ಮುಂದೆ ಅವರು ನಮಗೆ ಪರಿಚಯದವರು. ಆ ಪರಿಚಯವನ್ನು ಯಾರೋ ಕಡ ತೆಗೆದುಕೊಂಡು ಡಬ್ಬಿಯ ಮೇಲೆ ಅಂಟಿಸಿದಾಗ ಏನಾಗುತ್ತದೆ ಎನ್ನುವುದನ್ನು ನಾನು ಕಂಡದ್ದು ಅಕ್ಕನ ಅಡುಗೆಮನೆಯಲ್ಲಿ.

ಅಕ್ಕ ಮದುವೆಯಾಗಿ ಎರ್ನಾಕುಳಂ ಸೇರಿ ಮೂವತ್ತೈದು ವರ್ಷವಾಯಿತು. ಮಲಯಾಳದಲ್ಲಿ ಜಗಳವಾಡುವಷ್ಟು ಪಳಗಿದ್ದಾಳೆ. ಸಕ್ಕರೆ ಕಾಯಿಲೆಗೆ ಒಂದು ಮಾತ್ರೆ, ಅದು ಬಿಟ್ಟರೆ ಗಟ್ಟಿ ಜೀವ. ಒಂದು ಸಲದ ರಕ್ತಪರೀಕ್ಷೆಯಲ್ಲಿ ಪಿತ್ತಕೋಶದ ಲೆಕ್ಕ, ಅದೇ ಎಸ್.ಜಿ.ಪಿ.ಟಿ. ಅಂತಾರಲ್ಲ, ಇರಬೇಕಾದ್ದರ ನಾಲ್ಕು ಪಟ್ಟು ಬಂತು. ಕಾಮಾಲೆಯ ಪರೀಕ್ಷೆಗಳೆಲ್ಲ ಆದವು, ಸ್ಕ್ಯಾನ್ ಆಯಿತು, ಏನೂ ಸಿಗಲಿಲ್ಲ. ಡಾಕ್ಟರು ಎರಡು ಸಲವೂ ಕೇಳಿದ್ದರಂತೆ, 'ಬೇರೆ ಯಾವುದಾದರೂ ಮದ್ದು ತೆಗೆದುಕೊಳ್ಳುತ್ತೀರಾ?' ಅಂತ. ಎರಡು ಸಲವೂ ಅಕ್ಕ 'ಇಲ್ಲ' ಎಂದಿದ್ದಳು. ಭಾವನೂ ಪಕ್ಕದಲ್ಲೇ ಕೂತು ಇಲ್ಲವೆಂದು ತಲೆಯಾಡಿಸಿದ್ದರು.

ನಾನು ಹೋದ ಮರುದಿನ ಬೆಳಿಗ್ಗೆ ಕಾಫಿಪುಡಿ ಹುಡುಕುವಾಗ ಮೇಲಿನ ಅರೆಯಲ್ಲಿ ಆ ಡಬ್ಬಿ ಕಂಡಿತು. ಸಾಸಿವೆ, ಮೆಂತೆಯ ಪಕ್ಕದಲ್ಲೇ. ಮೇಲೆ ನಗುವ ಒಂದು ಮುಖ. ಹೆಸರು ಬೇಡ, ನಿಮಗೂ ಪರಿಚಯದ್ದೇ ಇದ್ದೀತು. ತಿಂಗಳಿಗೆ ಒಂದು ಡಬ್ಬಿ, ಎರಡು ಸಾವಿರದ ಎಂಟುನೂರು ರೂಪಾಯಿ, ತಂದುಕೊಡುವುದು ಪಕ್ಕದ ಫ್ಲಾಟಿನವರು. ಐದು ತಿಂಗಳಿಂದ ದಿನಾ ಎರಡು ಚಮಚೆ. 'ಅಕ್ಕಾ, ಇದನ್ನು ಡಾಕ್ಟರಿಗೆ ಯಾಕೆ ಹೇಳಲಿಲ್ಲ?' ಎಂದೆ. 'ಅವರು ಕೇಳಿದ್ದು ಮದ್ದಿನ ವಿಷಯ. ಇದು ಮದ್ದಲ್ಲ ಮಾರಾಯ, ಪುಡಿ' ಎಂದಳು.

ಅವಳು ಸುಳ್ಳು ಹೇಳಿರಲಿಲ್ಲ. ಡಬ್ಬಿಯ ಮೇಲೂ ಅದನ್ನೇ ಬರೆದಿತ್ತು. ನಮ್ಮ ದೇಶದಲ್ಲಿ ಇಂಥ ಆರೋಗ್ಯಪೂರಕಗಳು ಆಹಾರದ ಕಾನೂನಿಗೆ ಸೇರಿದವು. 2016ರ ನಿಯಮದಂತೆ ಇವು ಔಷಧಿಯಾಗಿ ಬಳಸಲಿಕ್ಕಲ್ಲ ಎಂದು ಪೊಟ್ಟಣದ ಮೇಲೆ ಎದ್ದು ಕಾಣುವಂತೆ ಹಾಕಬೇಕು. ಹೊಸ ಔಷಧಿಯೊಂದು ಅಂಗಡಿಗೆ ಬರುವ ಮೊದಲು ಜನರ ಮೇಲೆ ಪ್ರಯೋಗ ನಡೆಸಿ ಗುಣವನ್ನೂ ದೋಷವನ್ನೂ ತೋರಿಸಬೇಕು. ಪುಡಿಗೆ ಆ ಕಷ್ಟವಿಲ್ಲ. ಆದರೆ ಹೊಟ್ಟೆಯೊಳಗೆ ಹೋದ ಮೇಲೆ ಪಿತ್ತಕೋಶಕ್ಕೆ ಈ ಕಾನೂನಿನ ಭೇದ ತಿಳಿಯುವುದಿಲ್ಲವಲ್ಲ. ಅದಕ್ಕೆ ಎರಡೂ ಒಂದೇ. ಅಕ್ಕನ ಡಬ್ಬಿಯಲ್ಲಿ ಇದ್ದದ್ದು ಅಮೃತಬಳ್ಳಿ, ಅಶ್ವಗಂಧ, ಹಸಿರು ಚಹಾದ ಸತ್ವ, ಜೊತೆಗೆ ಪ್ರೊಟೀನು. ಮೊದಲ ಮೂರೂ ಕೆಲವರ ಪಿತ್ತಕೋಶಕ್ಕೆ ಪೆಟ್ಟು ಕೊಟ್ಟದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಕಾಮಾಲೆಯಾದವರ ಬಗ್ಗೆ 2021ರಲ್ಲಿ ಮುಂಬೈಯ ವೈದ್ಯರು ಬರೆದಾಗ ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದನ್ನೂ ಹೇಳಿಬಿಡಬೇಕು. ನಮ್ಮ ಅಜ್ಜಿಯೂ ಜ್ವರಕ್ಕೆ ಅಮೃತಬಳ್ಳಿಯ ಕಷಾಯ ಕೊಡುತ್ತಿದ್ದಳು. ಆದರೆ ಮೂರು ದಿನ ಕೊಟ್ಟು ನಿಲ್ಲಿಸುತ್ತಿದ್ದಳು. ಐದು ತಿಂಗಳು ಸತ್ವ ಹಿಂಡಿ ಕುಡಿಸಿದ್ದಿಲ್ಲ.

ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಮೂರನೆಯ ಸಲ ಡಾಕ್ಟರಲ್ಲಿಗೆ ಹೋದೆವು. ಅವರು ಹಿಂದಿನ ಸಣ್ಣ ಅಕ್ಷರ ಓದಿ, 'ಇವತ್ತೇ ನಿಲ್ಲಿಸಿ' ಎಂದರು. ಎರಡೂವರೆ ತಿಂಗಳಲ್ಲಿ ಲೆಕ್ಕ ಸರಿಹೋಯಿತು. ಪುಡಿಯಿಂದಲೇ ಆಯಿತೆಂದು ನೂರಕ್ಕೆ ನೂರು ಹೇಳಲಾಗದು ಅಂತ ಅವರೇ ಎಂದರು. ನಾನೂ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಇದೇ ಕೊಚ್ಚಿ ಬಳಿಯ ಆಲುವಾದಲ್ಲಿ ರಾಜಗಿರಿ ಆಸ್ಪತ್ರೆಯ ಪಿತ್ತಕೋಶ ತಜ್ಞ ಡಾ. ಸಿರಿಯಕ್ ಆಬಿ ಫಿಲಿಪ್ಸ್ ಇದ್ದಾರೆ. 'ಲಿವರ್ ಡಾಕ್' ಎಂದರೆ ಹೆಚ್ಚು ಜನಕ್ಕೆ ಗೊತ್ತಾದೀತು. ಅವರೂ ಸಂಗಡಿಗರೂ ಮಾರುಕಟ್ಟೆಯಿಂದ 36 ಪ್ರೊಟೀನ್ ಪುಡಿಗಳನ್ನು ಕೊಂಡು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ ಸುಮಾರು 70ರಲ್ಲಿ ಡಬ್ಬಿಯ ಮೇಲೆ ಹಾಕಿದ ಪ್ರೊಟೀನಿನ ಲೆಕ್ಕ ತಪ್ಪು. ಕೆಲವದರಲ್ಲಿ ಹೇಳಿದ್ದರ ಅರ್ಧ ಮಾತ್ರ. ನೂರಕ್ಕೆ 14ರಲ್ಲಿ ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ವಿಷ, 8ರಲ್ಲಿ ಕೀಟನಾಶಕದ ಅಂಶ. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರಡಿಸಿದ ಆಹಾರ ಮಾರ್ಗಸೂಚಿಯೂ ಮೈ ಕಟ್ಟಲಿಕ್ಕೆ ಪ್ರೊಟೀನ್ ಪುಡಿ ಬೇಡ ಎಂದಿತು. ಒಂದು ಕೋಳಿಮೊಟ್ಟೆಯಲ್ಲಿ ಆರು ಗ್ರಾಮಿನಷ್ಟು ಪ್ರೊಟೀನ್ ಇದೆ. ನೂರು ಗ್ರಾಂ ಹೆಸರುಕಾಳಿನಲ್ಲಿ ಇಪ್ಪತ್ತಕ್ಕೂ ಹೆಚ್ಚು. ಪಾಪ, ಹೆಸರುಕಾಳಿಗೆ ರಾಯಭಾರಿ ಇಲ್ಲ.

ಈ ಡಾಕ್ಟರ ಮಾತು ಸ್ವಲ್ಪ ಖಾರ. ನನಗೆ ಕೆಲವು ಸಲ ಅತಿಯಾಯಿತು ಅನಿಸಿದ್ದುಂಟು. 2024ರ ಜುಲೈಯಲ್ಲಿ ನಟಿ ಸಮಂತಾ ಅವರು ವೈರಸ್ ಸೋಂಕಿಗೆ ಹೈಡ್ರೋಜನ್ ಪೆರಾಕ್ಸೈಡನ್ನು ಆವಿಯಾಗಿ ಉಸಿರಾಡುವ ಸಲಹೆ ಹಂಚಿಕೊಂಡಾಗ, ಆಕೆಯನ್ನು ಜೈಲಿಗೆ ಹಾಕಬೇಕೆನ್ನುವವರೆಗೂ ಇವರು ಹೋದರು. ಆಕೆಯ ಉತ್ತರ, ತನಗೆ ಅರ್ಹ ವೈದ್ಯರೇ ಹೇಳಿದ್ದು, ಒಳ್ಳೆಯ ಮನಸ್ಸಿನಿಂದ ಹಂಚಿಕೊಂಡೆ ಎಂಬುದು. ಇರಬಹುದು. ಕಾಯಿಲೆ ಅನುಭವಿಸಿದವರು ತಮಗೆ ಹಿಡಿಸಿದ್ದನ್ನು ಹೇಳುತ್ತಾರೆ, ಅದು ಸಹಜ. ಆದರೆ ಹಾಗೆ ಉಸಿರಾಡಿದರೆ ಶ್ವಾಸಕೋಶಕ್ಕೆ ಅಪಾಯ ಎಂದು ಅಮೆರಿಕದ ಅಸ್ತಮಾ ಸಂಸ್ಥೆ ಮೊದಲೇ ಎಚ್ಚರಿಸಿತ್ತು. ನಮ್ಮ ಪಕ್ಕದ ಮನೆಯವರು ಹೇಳಿದರೆ ನಾಲ್ಕು ಜನ ಕೇಳುತ್ತಾರೆ. ನಟಿ ಹೇಳಿದರೆ ಕೋಟಿ ಜನ ಕೇಳುತ್ತಾರೆ.

ಬೆಂಗಳೂರಿನವರಿಗೂ ಈ ಡಾಕ್ಟರು ಅಪರಿಚಿತರಲ್ಲ. 2023ರಲ್ಲಿ ಹಿಮಾಲಯ ಕಂಪನಿ ಹೂಡಿದ ದಾವೆಯಲ್ಲಿ ಅಲ್ಲಿನ ನ್ಯಾಯಾಲಯವೊಂದರ ಆದೇಶದಿಂದ ಅವರ ಎಕ್ಸ್ ಖಾತೆಗೆ ತಡೆ ಬಿತ್ತು. ಅಕ್ಟೋಬರಿನಲ್ಲಿ ಕರ್ನಾಟಕ ಹೈಕೋರ್ಟು ಖಾತೆಯನ್ನು ಮರಳಿ ಕೊಡಿಸಿತು.

ಮಲಯಾಳಿಗಳ ಬಗ್ಗೆ ಒಂದು ಮಾತು ಮೆಚ್ಚಿ ಹೇಳಬೇಕು. ಅವರು ನಟರನ್ನು ಹೊತ್ತು ಮೆರೆಸುತ್ತಾರೆ, ಹಾಗೇ ಕೋರ್ಟಿಗೂ ಎಳೆಯುತ್ತಾರೆ. 2015ರಲ್ಲಿ ವಯನಾಡಿನ ಒಬ್ಬರು ಮಮ್ಮುಟ್ಟಿ ಜಾಹೀರಾತಿನ ಸಾಬೂನು ಹಚ್ಚಿದರೂ ತಾನು ಬೆಳ್ಳಗಾಗಲಿಲ್ಲವೆಂದು ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ಊರೆಲ್ಲ ನಕ್ಕಿತು. ಮರುವರ್ಷ ಕಂಪನಿ 30,000 ರೂಪಾಯಿ ಕೊಟ್ಟು ರಾಜಿ ಮಾಡಿಕೊಂಡಿತು. ನನಗೆ ಇನ್ನೂ ಹಿಡಿಸಿದ್ದು ತ್ರಿಶ್ಶೂರಿನ ಪ್ರಕರಣ. ಅಲ್ಲೊಬ್ಬರು 2012ರಲ್ಲಿ 376 ರೂಪಾಯಿಗೆ ಧಾತ್ರಿ ಹೇರ್ ಕ್ರೀಮ್ ಕೊಂಡರು. ಜಾಹೀರಾತಿನಲ್ಲಿದ್ದವರು ನಟ ಅನೂಪ್ ಮೆನನ್. ಕೂದಲು ಬರಲಿಲ್ಲ, ಮನೆಯವರ ನಗೆ ಬಂತು. ಕೊಂಡವರು ಬಿಡಲಿಲ್ಲ. ವಿಚಾರಣೆಯಲ್ಲಿ ನಟರು ಹೇಳಿದ್ದೇನು ಗೊತ್ತೇ? ಆ ಕ್ರೀಮನ್ನು ತಾನು ಬಳಸಿಯೇ ಇಲ್ಲ, ತಲೆಗೆ ಹಚ್ಚುವುದು ಅಮ್ಮ ಮಾಡಿಕೊಡುವ ಎಣ್ಣೆ! 2021ರ ಆರಂಭದಲ್ಲಿ ಸುದ್ದಿಯಾದ ಆ ತೀರ್ಪಿನಲ್ಲಿ ಕಂಪನಿಗೂ ನಟರಿಗೂ ತಲಾ 10,000 ರೂಪಾಯಿ ದಂಡ ಬಿತ್ತು. ನನಗೇನೋ ಆ ನಟರ ಮೇಲೆ ಗೌರವವೇ ಹುಟ್ಟಿತು. ಸತ್ಯ ಹೇಳಿದರಲ್ಲ. ಜನ ಅವರನ್ನು ನಿಜವಾಗಿ ಕಂಡದ್ದು ಆ ಒಂದು ದಿನ ಅಂತ ನನ್ನ ಎಣಿಕೆ.

ಈಗ ಕಾನೂನು ಇನ್ನೂ ಬಿಗಿಯಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಸುಳ್ಳು ಜಾಹೀರಾತಿನಲ್ಲಿ ಮುಖ ತೋರಿಸಿದವರಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದಂತೂ 1954ರ ಕಾಯ್ದೆಯಂತೆ ಅಪರಾಧ. ಆ ಹಳೆಯ ಕಾಯ್ದೆಯನ್ನು ಹಿಡಿದು ಪತಂಜಲಿ ಜಾಹೀರಾತುಗಳ ಮೇಲೆ ದೂರಿನ ಮೇಲೆ ದೂರು ಕೊಟ್ಟವರು ಕಣ್ಣೂರಿನ ಕಣ್ಣಿನ ವೈದ್ಯ ಡಾ. ಕೆ.ವಿ. ಬಾಬು. ಮಾಹಿತಿ ಹಕ್ಕಿನ ಅರ್ಜಿಗಳೇ ಅವರ ಆಯುಧ. ಭಾರತೀಯ ವೈದ್ಯಕೀಯ ಸಂಘದ ಮೊಕದ್ದಮೆಯಲ್ಲಿ 2024ರ ಮೇ ತಿಂಗಳು ಸುಪ್ರೀಂ ಕೋರ್ಟು, ಇಂಥ ಜಾಹೀರಾತಿಗೆ ನಟರೂ ಅಷ್ಟೇ ಹೊಣೆ ಎಂದಿತು. ಹಾಗಂತ ಪಕ್ಕದ ಫ್ಲಾಟಿನವರು ಡಬ್ಬಿ ತಂದುಕೊಡುವುದು ನಿಂತಿದೆಯೇ? ಅವರದೂ ಒಂದು ಸಂಪಾದನೆ. ಅಕ್ಕನಿಗೆ ದಾಕ್ಷಿಣ್ಯ.

ಇಂಥ ಮಾತು ಬಂದಾಗ ನನಗೆ ಡಾ. ರಾಜ್‌ಕುಮಾರ್ ನೆನಪಾಗುತ್ತಾರೆ. ಅಷ್ಟು ವರ್ಷದ ಚಿತ್ರಜೀವನದಲ್ಲಿ ಅವರು ಒಪ್ಪಿಕೊಂಡ ಜಾಹೀರಾತು ನಂದಿನಿ ಹಾಲಿನದು, ಅದೂ ಹಣ ಮುಟ್ಟದೆ. ಹಾಲು ರೈತರದು ಎಂಬ ಕಾರಣಕ್ಕೆ.

ಅಕ್ಕನ ಲೆಕ್ಕ ಸರಿಹೋದ ಮೇಲೆ ಡಿಸೆಂಬರಿನಲ್ಲಿ ನಾನು ಅವರ ಮನೆಯಿಂದಲೇ ತಿರುವನಂತಪುರದ ಚಿತ್ರೋತ್ಸವಕ್ಕೆ ಹೋದೆ. ಸಿನಿಮಾದವರನ್ನು ನೋಡಬೇಕೆಂದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಟಾಗೋರ್ ಥಿಯೇಟರಿನ ಅಂಗಳದಲ್ಲಿ ಕುತ್ತಿಗೆಗೆ ಪಾಸು ನೇತುಹಾಕಿಕೊಂಡು ಕಾಲೇಜು ಹುಡುಗರು, ಆಟೋ ಓಡಿಸುವವರು, ನಿರ್ದೇಶಕರು ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ನನ್ನ ಮುಂದೆ ನಿಂತವರೊಬ್ಬರನ್ನು ನಾನು ಎಲ್ಲೋ ತೆರೆಯ ಮೇಲೆ ಕಂಡಿದ್ದೆ. ಅವರು ತಿರುಗಿ, 'ಈ ಸಾಲು ಯಾವ ಸಿನಿಮಾದ್ದು?' ಎಂದು ಕೇಳಿದರು. 'ಗೊತ್ತಿಲ್ಲ, ಉದ್ದ ಇದೆಯಲ್ಲ ಅಂತ ನಿಂತೆ' ಎಂದೆ. 'ನಾನೂ ಹಾಗೆಯೇ' ಎಂದರು. ಸಂಜೆ ತಂಬಾನೂರಿನ ಇಂಡಿಯನ್ ಕಾಫಿ ಹೌಸಿಗೆ ಹೋದೆ. ಲಾರಿ ಬೇಕರ್ ಕಟ್ಟಿದ, ಶಂಖದ ಹಾಗೆ ಸುತ್ತಿಕೊಂಡು ಮೇಲೇರುವ ಆ ಕೆಂಪು ಕಟ್ಟಡದಲ್ಲಿ ಕೂತು ಅಕ್ಕನಿಗೆ ಫೋನ್ ಮಾಡಿದೆ.

'ಯಾರಾದರೂ ಕಂಡರಾ?' ಎಂದಳು. ಹೇಳಿದೆ. 'ಹೇಗಿದ್ದಾರೆ? ಚರ್ಮ ಹೇಗಿದೆ?' ಎಂದಳು. 'ನಮ್ಮ ಭಾವನ ಹಾಗೆಯೇ, ವಯಸ್ಸಾಗಿದೆ' ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅರೆಯಲ್ಲಿ ಸೀಲು ಒಡೆಯದ ಇನ್ನೊಂದು ಡಬ್ಬಿ ಉಳಿದಿದೆ, ವಾಪಸು ತೆಗೆದುಕೊಳ್ಳುವುದಿಲ್ಲವಂತೆ, ಎರಡು ಸಾವಿರದ ಎಂಟುನೂರು ರೂಪಾಯಿ ಬಿಸಾಡುವುದು ಹೇಗೆ ಎಂದು ಕೇಳಿದಳು. ಮುಂದಿನ ಸಲ ಬಂದಾಗ ನಾನೇ ಚರಂಡಿಗೆ ಸುರಿಯುತ್ತೇನೆ, ಅಲ್ಲಿಯವರೆಗೆ ಯಾರಿಗೂ ಕೊಡಬೇಡ ಎಂದೆ. ಖಾಲಿಯಾದ ಡಬ್ಬಿಗಳಲ್ಲಿ ಒಂದಕ್ಕೆ ಕೊತ್ತಂಬರಿ ಬೀಜ ತುಂಬಿಸಿದ್ದಾಳಂತೆ. ಮುಚ್ಚಳ ಭದ್ರ ಇದೆಯಂತೆ.