ಉಬ್ಬರದ ಲೆಕ್ಕ

(ಹೊಳನಗದ್ದೆಯಲ್ಲಿ ಶಿಕ್ಷಕರು ಹಾಗೂ ಪಾಲಕರ ಮುಂದೆ ಆಡಿದ ಮಾತು)



ಮಕ್ಕಳ ಮನಸ್ಸು ಪಾಠದಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಮೊಬೈಲೇ ಕಾರಣ ಎಂದು ಈಗತಾನೆ ಪಾಲಕರೊಬ್ಬರು ಹೇಳಿದರು. ಮೊಬೈಲ್ ಇಲ್ಲದ ಕಾಲದಲ್ಲಿ ನಾವೇನು ಬಹಳ ನೆಟ್ಟಗೆ ಕೂತಿದ್ದೆವೆಯೇ? ಹೊಳನಗದ್ದೆಯ ಹುಡುಗನ ಮನಸ್ಸು ಹೊರಗೆ ಹೋದರೆ ಸಮುದ್ರದ ಕಡೆಗೇ ಹೋಗುತ್ತದೆ. ಪಾಠವೂ ಅವನ ಹಿಂದೆ ಹೋಗಲಿ ಎಂಬುದು ನನ್ನ ವಾದ.

ನಿವೃತ್ತನಾದ ಮೇಲೆ ಏಳನೆಯ ತರಗತಿಯ ಕೆಲವು ಮಕ್ಕಳನ್ನು ಕಟ್ಟಿಕೊಂಡು ಒಂದು ಬಿದಿರಿನ ಗಳಕ್ಕೆ ಹತ್ತು ಸೆಂಟಿಮೀಟರಿಗೊಂದರಂತೆ ಬಣ್ಣದ ಗೆರೆ ಎಳೆದು ಹೊಳೆಯಂಚಿನಲ್ಲಿ ಹುಗಿದೆ. ನೀರು ಎಷ್ಟು ಗಂಟೆಗೆ ಯಾವ ಗೆರೆ ಮುಟ್ಟಿತು ಎಂದು ಬರೆಯುವುದು ಅವರ ಕಾಯಕ. ಅವರಲ್ಲೊಬ್ಬ ಮೀನುಗಾರರ ಮನೆಯವ, ವಾರಕ್ಕೆ ಎರಡು ದಿನ ಶಾಲೆಗೆ ಬಂದರೆ ಹೆಚ್ಚು. ನಾಲ್ಕನೆಯ ದಿನ ಅವನೇ ಕೇಳಿದ: "ಸರ್, ಉಬ್ಬರ ದಿನಾ ಮುಕ್ಕಾಲು ತಾಸಿನ ಮೇಲೆ ತಡ ಆಗ್ತದಲ್ಲ, ಯಾಕೆ?"

ನಾನು ಉತ್ತರ ಕೊಡಲಿಲ್ಲ. ಚಂದ್ರ ಮೂಡುವ ಹೊತ್ತನ್ನೂ ಬರೆದುಕೊಂಡು ಬಾ ಎಂದೆ. ಬರೆದು ತಂದ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಹೋಗಿರುತ್ತಾನೆ, ಅವನನ್ನು ಹಿಡಿಯಲು ಭೂಮಿಗೆ ಇನ್ನೂ ಸುಮಾರು 50 ನಿಮಿಷ ಬೇಕು. ಇದನ್ನು ಅವನು ಎರಡು ತೆಂಗಿನಕಾಯಿ ಇಟ್ಟು ಉಳಿದವರಿಗೆ ತೋರಿಸಿದ. ಮನೆಯಲ್ಲಿ ಅವನ ಅಪ್ಪನಿಗೆ ತಿಥಿ ಹಿಡಿದು ಉಬ್ಬರದ ಹೊತ್ತು ಹೇಳಲು ಮೊದಲೇ ಬರುತ್ತಿತ್ತು. ಅಪ್ಪನದೂ ವಿದ್ಯೆಯೇ ಎಂದು ಮಗನಿಗೆ ಗೊತ್ತಾದದ್ದು ಆಗ. ಅಂಬಿಗರ ಚೌಡಯ್ಯನವರು ಹುಟ್ಟು ಹಾಕುವ ಕಾಯಕದವರಾಗಿಯೇ ವಚನಕಾರರಾದದ್ದನ್ನು ನಾವು ವೇದಿಕೆಯಲ್ಲಿ ಮಾತ್ರ ನೆನೆದರೆ ಹೇಗೆ?

ಇದೇನು ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಮಗುವನ್ನು ಅದರದೇ ವೇಗದಲ್ಲಿ, ಕೈಕೆಲಸದ ಮೂಲಕ ಕಲಿಯಲು ಬಿಟ್ಟಿತು. ಆದರೆ ಅದು ಸಣ್ಣ ತರಗತಿಗಳಿಗೆ. ದೊಡ್ಡ ತರಗತಿಗೆ ಬಂದೊಡನೆ ನಾವು ಮತ್ತೆ ಗೈಡ್ ಪುಸ್ತಕ ಹಿಡಿಯುತ್ತೇವೆ. ಅಘನಾಶಿನಿಯ ಗಜನಿಗಳನ್ನೇ ನೋಡಿ: ತೂಬಿನ ಹಲಗೆ ಯಾವಾಗ ಎತ್ತಬೇಕು, ಕಗ್ಗ ಭತ್ತ ಉಪ್ಪು ನೀರನ್ನು ಹೇಗೆ ತಾಳುತ್ತದೆ, ಒಡ್ಡು ಎಷ್ಟು ಎತ್ತರ ಬೇಕು. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾವು ಓದಿದ್ದಕ್ಕೆ ಬೇಕಾದ ಗಣಿತವೆಲ್ಲ ಅಲ್ಲಿ ಬಿದ್ದಿದೆ.

ಪರೀಕ್ಷೆಯ ಅಂಕ ಏನಾಯಿತು ಎಂದು ಕೇಳುತ್ತೀರಿ. ಆ ಹುಡುಗ ಈಗ ಹತ್ತನೆಯ ತರಗತಿ. ಗಣಿತದಲ್ಲಿ ಮೊದಲಿಗನೇನಲ್ಲ. ದಿನಾ ಶಾಲೆಗೆ ಬರುತ್ತಾನೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಜೋರು. ಹೆಡ್‌ಮಾಸ್ಟರರಲ್ಲಿ ನನ್ನದೊಂದು ಕೋರಿಕೆ: ಬರುವ ಅಮಾವಾಸ್ಯೆಗೆ ಎರಡು ಪಿರಿಯಡ್ ಬಿಟ್ಟುಕೊಡಿ, ಮಕ್ಕಳ ಜೊತೆ ಈಜು ಬಲ್ಲ ಇಬ್ಬರು ದೊಡ್ಡವರನ್ನು ಕಳಿಸಿ. ಗಳ ನಾನು ತರುತ್ತೇನೆ.