ಫೊನಿಯೊ: ಒರಳಿನಲ್ಲಿ ಸೋತ ಧಾನ್ಯ



ಕನ್ನಡ ನಾಡಿನ ಅನ್ನವೆನಿಸಿದ ರಾಗಿ, ಜೋಳ, ಸಜ್ಜೆಗಳು ಮೂಲತಃ ಆಫ್ರಿಕಾದವು. ಸಾವಿರಾರು ವರ್ಷಗಳ ಹಿಂದೆಯೇ ಕಡಲು ದಾಟಿ ಬಂದವು. ಹಾಗೆ ಬಾರದೆ ತವರಿನಲ್ಲಿಯೇ ಉಳಿದ ಇವುಗಳ ಬಂಧು ಫೊನಿಯೊ. ಸೆನೆಗಲ್‌ನಿಂದ ನೈಜೀರಿಯಾದವರೆಗೆ ಪಶ್ಚಿಮ ಆಫ್ರಿಕಾದ ಒಣನೆಲಗಳಲ್ಲಿ ಇದರ ಬೇಸಾಯವುಂಟು. ಗಿನಿ ದೇಶದ ಫೂಟಾ ಜಲಾನ್ ಎಂಬ ಬೆಟ್ಟಸೀಮೆ ಇದರ ಮುಖ್ಯ ನೆಲೆ. 14ನೆಯ ಶತಮಾನದಲ್ಲಿ ಮಾಲಿ ರಾಜ್ಯದಲ್ಲಿ ಸಂಚರಿಸಿದ ಇಬ್ನ್ ಬತೂತಾ, ಸಾಸಿವೆಯಂತಹ ಈ ಕಾಳನ್ನು ತನ್ನ ಪ್ರವಾಸ ಕಥನದಲ್ಲಿ ಹೆಸರಿಸಿದ್ದಾನೆ.

ಕಾಳು ಅತಿ ಸಣ್ಣದು. ಒಂದು ಗ್ರಾಂ ತೂಗಲು ಸುಮಾರು 2000 ಕಾಳುಗಳು ಬೇಕು. ಆದರೆ ಅದರ ತಾಳಿಕೆ ದೊಡ್ಡದು. ಮರಳು, ಕಲ್ಲು ತುಂಬಿದ ತೆಳುಮಣ್ಣಿನಲ್ಲಿ, ಗೊಬ್ಬರವಿಲ್ಲದೆ, ಅಲ್ಪ ಮಳೆಯಲ್ಲಿ ಬೆಳೆಯುತ್ತದೆ. ಬೇಗ ಮಾಗುವ ತಳಿಗಳು ಎರಡು-ಮೂರು ತಿಂಗಳೊಳಗೆ ಕೊಯ್ಲಿಗೆ ಬರುತ್ತವೆ. ಹಳೆಯ ದವಸ ಮುಗಿದು, ಹೊಸ ಜೋಳ ಇನ್ನೂ ತೆನೆಗಟ್ಟುತ್ತಿರುವಾಗ ಮನೆಯ ಒಲೆ ಉರಿಸುವುದು ಇದೇ ಧಾನ್ಯ. ಐರೋಪ್ಯರು ಇದನ್ನು 'ಹಸಿವಿನ ಅಕ್ಕಿ' ಎಂದು ಕರೆದರು. ಬೆಳೆದವರ ಮನೆಗಳಲ್ಲಾದರೋ ಇದು ಅತಿಥಿಗಳಿಗೆ ಬಡಿಸುವ ಹಬ್ಬದ ಅಡುಗೆಯೂ ಹೌದು.

ಇಂತಹ ಧಾನ್ಯ ಹಿಂದೆ ಸರಿದುದೇಕೆ? ಬರ ಇದನ್ನು ಸೋಲಿಸಲಿಲ್ಲ, ಸೋಲಿಸಿದ್ದು ಒರಳು. ಕಾಳಿಗೆ ಬಿಗಿಯಾಗಿ ಅಂಟಿದ ಸಿಪ್ಪೆಯನ್ನು ಬಿಡಿಸಲು ಹೆಂಗಸರು ಮತ್ತೆ ಮತ್ತೆ ಕುಟ್ಟಿ ಕೇರಬೇಕು. ಕೆಲವೆಡೆ ಮರಳು ಬೆರೆಸಿ ಕುಟ್ಟುವುದುಂಟು. ಬಳಿಕ ಆ ಮರಳು ಹೋಗುವವರೆಗೆ, ನೀರಿಗೇ ಕೊರತೆಯಿರುವ ನಾಡಿನಲ್ಲಿ, ಹಲವು ಬಾರಿ ತೊಳೆಯಬೇಕು. ಒಂದು ಗಂಟೆ ದುಡಿದರೆ ಒಂದೆರಡು ಕಿಲೋ ಸಿದ್ಧವಾದೀತು. ಹೊರದೇಶದ ಅಗ್ಗದ ಅಕ್ಕಿ ಪೇಟೆಗೆ ಬಂದಾಗ ಒನಕೆ ಹಿಡಿದ ಕೈಗಳು ಅದನ್ನು ಆರಿಸಿಕೊಂಡವು. ಅದು ತಪ್ಪೆನ್ನಲಾಗದು.

1993ರಲ್ಲಿ ಸೆನೆಗಲ್‌ನ ಇಂಜಿನಿಯರ್ ಸನೂಸಿ ದಿಯಾಕಿತೆ ಈ ಕಾಳಿಗೆಂದೇ ಸಿಪ್ಪೆ ತೆಗೆಯುವ ಯಂತ್ರ ರೂಪಿಸಿದರು. ಸುಮಾರು ಎಂಟು ನಿಮಿಷದಲ್ಲಿ ಐದು ಕಿಲೋ ಸಿಪ್ಪೆ ಬಿಡಿಸುವ ಈ ಸಾಧನಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ದೊರೆಯಿತು. ಮುಂದೆ 2018ರಲ್ಲಿ ಐರೋಪ್ಯ ಒಕ್ಕೂಟ ತನ್ನ ಮಾರುಕಟ್ಟೆಯಲ್ಲಿ ಫೊನಿಯೊ ಮಾರಾಟಕ್ಕೆ ಅನುಮತಿಯಿತ್ತಿತು. 2020ರಲ್ಲಿ ಇದರ ವಂಶವಾಹಿಗಳ ಪೂರ್ಣ ನಕ್ಷೆ ಪ್ರಕಟವಾಯಿತು. ಸೆನೆಗಲ್ ಮೂಲದ ಬಾಣಸಿಗ ಪಿಯೆರ್ ತಿಯಾಮ್ ಇದನ್ನು ಅಮೆರಿಕದ ಅಂಗಡಿಗಳಿಗೆ ತಲುಪಿಸಿದರು.

ಆದರೂ ಎಚ್ಚರ ಬೇಕು. ಇದರ ಇಳುವರಿ ಕಡಿಮೆ. ಹೆಕ್ಟೇರಿಗೆ ಒಂದು ಟನ್ ದಾಟುವುದು ವಿರಳ. ಹುಲ್ಲು ನೆಲಕ್ಕೊರಗುತ್ತದೆ, ಕಾಳು ಉದುರುತ್ತದೆ. ದೂರದ ಮಾರುಕಟ್ಟೆಯ ಬೇಡಿಕೆಯಷ್ಟೇ ಬೆಳೆದರೆ, ಬೆಳೆದವರ ತಟ್ಟೆಗೇ ಅದು ದುಬಾರಿಯಾದೀತು. ವ್ಯಾಪಾರಿ ಕೇಳುವ ಒಂದೇ ತಳಿ ಉಳಿದು ಇತರ ನಾಟಿ ತಳಿಗಳು ಅಳಿದಾವು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಕರ್ನಾಟಕದ ಹೊಲಗಳಿಗೂ ಫೊನಿಯೊ ಕಲಿಸುವ ಪಾಠವಿದೆ. ರಾಗಿಗೆ ಸಿಪ್ಪೆ ಬಿಡಿಸುವ ಕಷ್ಟವಿಲ್ಲ. ಸಾಮೆ, ಕೊರಲೆ, ಹಾರಕಗಳಿಗೆ ಉಂಟು. ಅವುಗಳ ಬೀಜ ಹಂಚುವಷ್ಟೇ ಆಸ್ಥೆಯಿಂದ, ನಡೆದು ಹೋಗುವಷ್ಟು ಹತ್ತಿರದಲ್ಲಿ ಸಿಪ್ಪೆ ತೆಗೆಯುವ ಯಂತ್ರವನ್ನೂ ಒದಗಿಸಬೇಕು. ವಿದ್ಯಾರ್ಥಿಗಳು ಇಂದು ಮನೆಗೆ ಹೋಗಿ ಅಜ್ಜಿಯನ್ನು ಕೇಳಲಿ: ಕುಟ್ಟುವ ಶ್ರಮಕ್ಕೆ ಬೇಸತ್ತು ಮನೆಯವರು ಬಿಟ್ಟ ಧಾನ್ಯ ಯಾವುದು? ಪುನರುಜ್ಜೀವನದ ಕೆಲಸ ಆ ಉತ್ತರದಿಂದ ಆರಂಭವಾಗಲಿ.