ಬಿ ಫಾರಂ ಯಾರ ಕೈಯಲ್ಲಿ?

(ದಂಡೋತಿಯಲ್ಲಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರಿದ್ದೀರಿ. ಶಹಾಬಾದದ ಕಲ್ಲು ಗಣಿಗಳಿಂದ ಬಂದವರಿದ್ದೀರಿ. ಸೇಡಂ, ಚಿತ್ತಾಪುರದ ಪೇಟೆಗಳಲ್ಲಿ ಅಂಗಡಿ ಮುಚ್ಚಿ ಬಂದವರೂ ಇದ್ದೀರಿ. ಕಾಗಿಣಾ ದಾಟಿ ಮನೆ ಸೇರಬೇಕಾದವರನ್ನು ಬಹಳ ಹೊತ್ತು ಕೂಡಿಸಿಕೊಳ್ಳುವುದು ಸರಿಯಲ್ಲ. ಆದುದರಿಂದ ಒಂದೇ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಚುನಾವಣೆಯಲ್ಲಿ ಯಾರಿಗೆ ಮತ ಹಾಕಬೇಕೆಂದು ನೀವು ನಿರ್ಧರಿಸುತ್ತೀರಿ. ಆದರೆ ನಿಮ್ಮ ಮುಂದೆ ಯಾರು ನಿಲ್ಲಬೇಕೆಂದು ನಿರ್ಧರಿಸುವವರು ಯಾರು?

ಉತ್ತರ ಒಂದು ಕಾಗದದಲ್ಲಿದೆ. ಅದರ ಹೆಸರು ಬಿ ಫಾರಂ. 1968ರ ಚುನಾವಣಾ ಚಿಹ್ನೆಗಳ ಆದೇಶದ ಪ್ರಕಾರ, ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಪಕ್ಷದ ಅಧಿಕಾರಸ್ಥರ ಸಹಿಯುಳ್ಳ ಈ ಕಾಗದ ಚುನಾವಣಾಧಿಕಾರಿಯ ಕೈ ಸೇರಬೇಕು. ಸೇರದಿದ್ದರೆ ಪಕ್ಷದ ಚಿಹ್ನೆ ಇಲ್ಲ. ಮೂವತ್ತು ವರ್ಷ ಬಾವುಟ ಹೊತ್ತವನಿಗೂ ಇಲ್ಲ, ಗೋಡೆ ಬರೆದು, ಚೀಟಿ ಹಂಚಿ, ಪೋಲೀಸರ ಲಾಠಿ ತಿಂದವನಿಗೂ ಇಲ್ಲ. ಆ ಸಹಿ ಹಾಕುವವರು ನಮ್ಮ ಊರಿನವರನ್ನು ಕೇಳಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ.

ನೀವೇ ತೂಗಿ ನೋಡಿ. ಕಾರ್ಮಿಕರು ಸಂಘ ಕಟ್ಟಬೇಕಾದರೆ, ಪದಾಧಿಕಾರಿಗಳನ್ನು ನೇಮಿಸುವುದು ಹೇಗೆ, ತೆಗೆಯುವುದು ಹೇಗೆ ಎಂದು ನಿಯಮ ಬರೆದು ಕೊಡಬೇಕೆಂದು 1926ರ ಟ್ರೇಡ್ ಯೂನಿಯನ್ ಕಾಯಿದೆಯೇ ವಿಧಿಸಿತು. ಲೆಕ್ಕದ ಪುಸ್ತಕವನ್ನು ಸದಸ್ಯ ಕೇಳಿದರೆ ತೋರಿಸಬೇಕೆಂದೂ ಹೇಳಿತು. ವ್ಯಾಪಾರಿಗಳು ಪತ್ತಿನ ಸಹಕಾರ ಸಂಘ ಮಾಡಿದರೆ, 1959ರ ಸಹಕಾರ ಸಂಘಗಳ ಕಾಯಿದೆಯ ಪ್ರಕಾರ ಆಡಳಿತ ಮಂಡಳಿಗೆ ಚುನಾವಣೆ ನಡೆಯಲೇಬೇಕು. ಹತ್ತು ರೂಪಾಯಿ ಕೂಡಿಸುವ ಸಂಘಕ್ಕೆ ಇಷ್ಟು ಕಟ್ಟುಪಾಡು! ಇಡೀ ರಾಜ್ಯದ ಬೊಕ್ಕಸವನ್ನು ಆಳಲು ಹೊರಡುವ ಪಕ್ಷಕ್ಕೆ ಅಭ್ಯರ್ಥಿಯ ಆಯ್ಕೆಯಲ್ಲಿ ಯಾವ ಕಟ್ಟುಪಾಡೂ ಇಲ್ಲ.

1951ರ ಪ್ರಜಾಪ್ರತಿನಿಧಿತ್ವ ಕಾಯಿದೆಗೆ 1989ರಲ್ಲಿ 29ಎ ಎಂಬ ಕಲಮು ಸೇರಿತು. ಪಕ್ಷವು ನೋಂದಣಿಯಾಗಬೇಕಾದರೆ ಸಂವಿಧಾನಕ್ಕೂ, ಸಮಾಜವಾದ, ಧರ್ಮನಿರಪೇಕ್ಷತೆ, ಪ್ರಜಾಪ್ರಭುತ್ವದ ತತ್ತ್ವಗಳಿಗೂ ನಿಷ್ಠೆ ತೋರುವುದಾಗಿ ಬರೆದುಕೊಡಬೇಕು. ಬರೆದುಕೊಟ್ಟರೆ ಸಾಕು. ಅದನ್ನು ಮೀರಿದ ಪಕ್ಷದ ನೋಂದಣಿ ರದ್ದುಮಾಡುವ ಅಧಿಕಾರ ಸಾಮಾನ್ಯವಾಗಿ ಚುನಾವಣಾ ಆಯೋಗಕ್ಕಿಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತಿತು. ಪಕ್ಷಗಳ ಒಳಗೆ ಪ್ರಜಾಪ್ರಭುತ್ವ ತರಲು ಕಾನೂನು ಬೇಕೆಂದು ಕಾನೂನು ಆಯೋಗವು 1999ರಲ್ಲಿ ಹೇಳಿತು, 2015ರಲ್ಲಿ ಮತ್ತೊಮ್ಮೆ ಹೇಳಿತು. ವರದಿಗಳು ಕಪಾಟು ಸೇರಿದವು.

ಇನ್ನೊಂದು ಕಡೆ ನೋಡಿ. ಗೆದ್ದವನನ್ನು ಪಕ್ಷಕ್ಕೆ ಕಟ್ಟಿಹಾಕುವ ಕಾನೂನು ಬಹಳ ಬೇಗ ಬಂತು. 1985ರಲ್ಲಿ ಶಾಸಕರಿಗೂ ಸಂಸದರಿಗೂ ಪಕ್ಷಾಂತರ ನಿಷೇಧ. 1987ರಲ್ಲಿ ನಮ್ಮ ರಾಜ್ಯದ್ದೇ ಕಾಯಿದೆಯಿಂದ ಸ್ಥಳೀಯ ಸಂಸ್ಥೆಗಳ ಸದಸ್ಯರಿಗೂ ನಿಷೇಧ. ಪಕ್ಷಾಂತರ ಕೆಟ್ಟದ್ದೇ, ನಾನು ಅದರ ವಕಾಲತ್ತು ವಹಿಸುವುದಿಲ್ಲ. ಆದರೆ ಸದಸ್ಯನು ಪಕ್ಷಕ್ಕೆ ಬದ್ಧನಾಗಿರಬೇಕು ಎನ್ನುವ ಕಾನೂನು, ಪಕ್ಷವು ತನ್ನ ಸದಸ್ಯರಿಗೆ ಬದ್ಧವಾಗಿರಬೇಕು ಎಂದು ಯಾಕೆ ಹೇಳುವುದಿಲ್ಲ? ಹಗ್ಗದ ಒಂದು ತುದಿಗೆ ಮಾತ್ರ ಗಂಟು ಹಾಕಿದರೆ ಎತ್ತು ನಿಲ್ಲುವುದಿಲ್ಲ. ನಿಲ್ಲಲಿಲ್ಲ ಎಂಬುದನ್ನೂ ಕಂಡಿದ್ದೇವೆ. 2019ರಲ್ಲಿ ಚಿಂಚೋಳಿಯ ಶಾಸಕರು ರಾಜೀನಾಮೆ ಕೊಟ್ಟು, ಬೇರೆ ಪಕ್ಷದಿಂದ ಲೋಕಸಭೆಗೆ ನಿಂತು ಗೆದ್ದರು. ತೆರವಾದ ಚಿಂಚೋಳಿಯಲ್ಲಿ ಅದೇ ಹೊಸ ಪಕ್ಷದ ಟಿಕೆಟು ಅವರ ಮಗನಿಗೆ ಸಿಕ್ಕಿತು, ಅವರೂ ಗೆದ್ದರು. ಜನ ಮತ ಹಾಕಿದ್ದು ನಿಜ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ಪಕ್ಷ ಕಟ್ಟಿದ ಸಾಮಾನ್ಯ ಸದಸ್ಯರ ಮತವನ್ನು ಟಿಕೆಟು ಕೊಡುವ ಮೊದಲು ಪಡೆಯಬೇಕೆಂಬ ಕಾನೂನಿರಲಿಲ್ಲ.

ಪರದೇಶಗಳಲ್ಲಿ ಏನಾಗಿದೆ? ಅಮೇರಿಕದ ವಿಸ್ಕಾನ್ಸಿನ್ ರಾಜ್ಯ 1903ರಲ್ಲಿ ಕಾಯಿದೆ ಮಾಡಿ, ಮರುವರ್ಷ ಜನಮತದಿಂದ ಒಪ್ಪಿಗೆ ಪಡೆದು, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಹಕ್ಕನ್ನು ಮುಖಂಡರಿಂದ ಕಿತ್ತು ಮತದಾರರಿಗೆ ಕೊಟ್ಟಿತು. ಇದಕ್ಕೆ ಪ್ರೈಮರಿ ಚುನಾವಣೆ ಎನ್ನುತ್ತಾರೆ. ಜರ್ಮನಿಯಲ್ಲಿ 1967ರ ಪಕ್ಷಗಳ ಕಾಯಿದೆಯು ಅಭ್ಯರ್ಥಿಗಳ ಆಯ್ಕೆ ಗುಪ್ತ ಮತದಾನದಿಂದಲೇ ಆಗಬೇಕೆಂದು ವಿಧಿಸಿತು.

ಹಾಗೆಂದು ಪ್ರೈಮರಿ ಬಂದೊಡನೆ ರಾಮರಾಜ್ಯ ಬಂತೆಂದು ತಿಳಿಯಬೇಡಿ. ಅಮೇರಿಕದ ಟೆಕ್ಸಾಸ್ ರಾಜ್ಯ 1923ರಲ್ಲಿ ಕಾನೂನು ಮಾಡಿ, ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ ಕರಿಯರು ಮತ ಹಾಕಕೂಡದೆಂದಿತು. ಅಲ್ಲಿ ಆ ಪಕ್ಷದ ಪ್ರೈಮರಿ ಗೆದ್ದವನೇ ಕೊನೆಗೂ ಗೆಲ್ಲುತ್ತಿದ್ದ ಕಾಲ ಅದು. ಪ್ರೈಮರಿಯ ಬಾಗಿಲು ಮುಚ್ಚಿದರೆ ಮತದ ಹಕ್ಕು ಇದ್ದೂ ಇಲ್ಲದಂತೆ. 1927ರಲ್ಲಿ ಕೋರ್ಟು ಆ ಕಾನೂನನ್ನು ಹೊಡೆದುಹಾಕಿತು. ಸರಕಾರ ಕಾನೂನು ಬದಲಿಸಿ ಅಧಿಕಾರವನ್ನು ಪಕ್ಷದ ಸಮಿತಿಗೆ ಕೊಟ್ಟಿತು; 1932ರಲ್ಲಿ ಅದೂ ಬಿತ್ತು. ಆಗ ಪಕ್ಷವೇ ತನ್ನ ಅಧಿವೇಶನದಲ್ಲಿ ನಿರ್ಣಯ ಮಾಡಿ, ಇದು ನಮ್ಮ ಮನೆಯ ವಿಷಯ ಎಂದಿತು. 1935ರಲ್ಲಿ ಕೋರ್ಟು ಅದಕ್ಕೆ ಹೂಂ ಎಂದಿತು. 1944ರಲ್ಲಿ ಹೂಸ್ಟನ್ನಿನ ಒಬ್ಬ ಕರಿಯ ದಂತವೈದ್ಯರ ಮೊಕದ್ದಮೆಯಲ್ಲಿ ಅದೇ ಕೋರ್ಟು ತನ್ನ ತಪ್ಪು ತಿದ್ದಿಕೊಂಡಿತು. ಯಾರು ನಿಲ್ಲಬೇಕೆಂಬ ತೀರ್ಮಾನ ಪಕ್ಷದ ಮನೆಯ ವಿಷಯವಲ್ಲ, ಅದು ಊರಿನ ವಿಷಯ ಎಂಬ ಪಾಠಕ್ಕೆ 21 ವರ್ಷ ಬೇಕಾಯಿತು.

ನಮ್ಮಲ್ಲೂ ಪ್ರಯತ್ನ ನಡೆದಿಲ್ಲವೆಂದಲ್ಲ. 2014ರ ಲೋಕಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್ ಪಕ್ಷವು ದೇಶದ ಕೆಲವೇ ಕ್ಷೇತ್ರಗಳಲ್ಲಿ ಒಳಚುನಾವಣೆ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿಯವರೂ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿಯವರೂ ಹೀಗೆ ಆರಿಸಿ ಬಂದರು. ಇಬ್ಬರೂ ಮುಂದೆ ಚುನಾವಣೆಯಲ್ಲಿ ಸೋತರು. ಸೋತರೆಂದು ಪದ್ಧತಿಯೇ ತಪ್ಪೆ? ಹೈಕಮಾಂಡು ಆರಿಸಿದ ಎಷ್ಟು ಮಂದಿ ಅದೇ ವರ್ಷ ಸೋಲಲಿಲ್ಲ!

2022ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯವರೇ ಆದ ಮಲ್ಲಿಕಾರ್ಜುನ ಖರ್ಗೆಯವರು 7,897 ಮತ ಪಡೆದು ಆ ಪಕ್ಷದ ಅಧ್ಯಕ್ಷರಾದರು. ಎದುರಾಳಿ ಶಶಿ ತರೂರರಿಗೆ 1,072 ಮತ. 1969ರಲ್ಲಿ ಕಲಬುರಗಿಯ ಎಂಎಸ್‌ಕೆ ಮಿಲ್ ನೌಕರರ ಸಂಘದ ಕಾನೂನು ಸಲಹೆಗಾರರಾಗಿದ್ದವರು ಮತಪೆಟ್ಟಿಗೆಯ ಮೂಲಕ ಆ ಕುರ್ಚಿಗೇರಿದರು. ಯಾವ ಪಕ್ಷದವರಾದರೂ ಇದನ್ನು ಮೆಚ್ಚಬೇಕು. ಆದರೆ ಅಲ್ಲಿ ಮತ ಹಾಕಿದವರು ಒಂಬತ್ತು ಸಾವಿರಕ್ಕೆ ಮೇಲ್ಪಟ್ಟ ಪ್ರತಿನಿಧಿಗಳು ಮಾತ್ರ. ಅಧ್ಯಕ್ಷರಿಗೆ ಮತಪೆಟ್ಟಿಗೆ ಇಡಲು ಸಾಧ್ಯವಾದರೆ, ಶಾಸಕನ ಟಿಕೆಟಿಗೆ ಯಾಕೆ ಸಾಧ್ಯವಿಲ್ಲ? ಇದು ಒಂದು ಪಕ್ಷಕ್ಕೆ ಹಾಕುವ ಪ್ರಶ್ನೆಯಲ್ಲ, ಎಲ್ಲ ಪಕ್ಷಗಳಿಗೂ ಹಾಕುವ ಪ್ರಶ್ನೆ. ನಮ್ಮ ಪಕ್ಷಕ್ಕೆ ಮೊದಲು.

ಒಬ್ಬ ಮಿತ್ರರು ನನ್ನನ್ನು ಕೇಳಿದರು: ಒಳಚುನಾವಣೆ ಬಂದರೆ ಸಾಹುಕಾರರು ದುಡ್ಡು ಕಟ್ಟಿ ಸಾವಿರ ಸುಳ್ಳು ಸದಸ್ಯರನ್ನು ಸೇರಿಸುವುದಿಲ್ಲವೇ? ಸೇರಿಸುತ್ತಾರೆ. ಅದಕ್ಕೇ ಕಾನೂನು ಬೇಕು. ಸದಸ್ಯರ ಪಟ್ಟಿ ಮೊದಲೇ ಪ್ರಕಟವಾಗಬೇಕು. ಚುನಾವಣೆಗೆ ಒಂದು ವರ್ಷ ಮುಂಚೆ ಸೇರಿದವರಿಗೆ ಮಾತ್ರ ಮತವಿರಬೇಕು. ಮತದಾನ ಗುಪ್ತವಾಗಿರಬೇಕು, ಖರ್ಚಿನ ಲೆಕ್ಕ ಬಯಲಿಗೆ ಬರಬೇಕು. ಕಳ್ಳನಿದ್ದಾನೆಂದು ಅಂಗಡಿಯನ್ನೇ ತೆರೆಯದೆ ಇರುವ ವ್ಯಾಪಾರಿ ಯಾರಿದ್ದಾರೆ? ಬೀಗ ಹಾಕುತ್ತಾನೆ, ಅಂಗಡಿ ತೆರೆಯುತ್ತಾನೆ.

ವಿಧಾನಸಭೆ, ಲೋಕಸಭೆಗಳ ಮಾತು ದಿಲ್ಲಿಯ ಪಾರ್ಲಿಮೆಂಟಿಗೆ ಸೇರಿದ್ದು ಎನ್ನುತ್ತಾರೆ. ಆಗಲಿ. ಆದರೆ ತಾಲೂಕು, ಜಿಲ್ಲಾ ಪಂಚಾಯತಿಗಳ ಕಾನೂನು ನಮ್ಮ ರಾಜ್ಯದ್ದು. 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆ ಬೇಡವೆಂದರು, ಮೇಲಿನ ಎರಡಕ್ಕೆ ಇರಲಿ ಎಂದರು. ಚಿಹ್ನೆ ಕೊಡುವ ಕಡೆ, ಆ ಚಿಹ್ನೆಯ ಅಭ್ಯರ್ಥಿಯನ್ನು ಸ್ಥಳೀಯ ಸದಸ್ಯರೇ ಆರಿಸಲಿ ಎಂಬ ಒಂದು ಕಲಮನ್ನು ಸೇರಿಸುವಂತೆ ಬೆಂಗಳೂರನ್ನು ಒತ್ತಾಯಿಸೋಣ. 2016ರಲ್ಲಿ ಆರಿಸಿದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆಯನ್ನೇ ವರ್ಷಗಟ್ಟಲೆ ಮುಂದೂಡಿದವರು ಸುಮ್ಮನೆ ಇದನ್ನು ಮಾಡಿಕೊಡುವುದಿಲ್ಲ. ಕೇಳಬೇಕು, ಬಿಡದೆ ಕೇಳಬೇಕು.

ಮಳೆಗಾಲದಲ್ಲಿ ಕಾಗಿಣಾ ಉಕ್ಕಿ ದಂಡೋತಿಯ ಸೇತುವೆ ಮುಳುಗಿ ದಾರಿ ಕಡಿದುಹೋದ ದಿನಗಳನ್ನು ನೀವು ಕಂಡವರು. ಆ ದಿನ ನದಿಯ ದಂಡೆಗೆ ಓಡಿ ಬರುವವನು ಯಾರು? ತನ್ನ ಬಿ ಫಾರಂ ಇಲ್ಲಿಯ ಸದಸ್ಯರ ಕೈಯಲ್ಲಿದೆ ಎಂದು ತಿಳಿದವನು ಬರುತ್ತಾನೆ. ಅದು ದಿಲ್ಲಿಯಲ್ಲೋ ಬೆಂಗಳೂರಿನಲ್ಲೋ ಇದೆ ಎಂದು ತಿಳಿದವನು ಅಲ್ಲಿಗೇ ಓಡುತ್ತಾನೆ. ಅವನನ್ನು ಬೈದು ಫಲವಿಲ್ಲ, ಕಾಗದ ಎಲ್ಲಿದೆಯೋ ಕಾಲು ಅಲ್ಲಿಗೆ ಹೋಗುತ್ತದೆ.

ಆದುದರಿಂದ ಮುಂದಿನ ಸಲ ಯಾವ ಪಕ್ಷದವರು ರಸೀದಿ ಪುಸ್ತಕ ಹಿಡಿದು ಸದಸ್ಯತ್ವಕ್ಕೆ ಬಂದರೂ ಒಂದು ಮಾತು ಕೇಳಿ: ಈ ರಸೀದಿಗೆ ಅಭ್ಯರ್ಥಿಯನ್ನು ಆರಿಸುವ ಮತವಿದೆಯೋ ಇಲ್ಲವೋ? ಇಲ್ಲವೆಂದರೆ, ನಮ್ಮ ದುಡ್ಡು ಬೇಕು, ನಮ್ಮ ಮಾತು ಬೇಡವೇ ಎಂದು ಅಲ್ಲೇ ಕೇಳಿ. ನಮ್ಮ ಪಕ್ಷದವರು ಬಂದರೂ ಬಿಡಬೇಡಿ.